ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ

ಫ್ರಾನ್ಸಿನ ದಕ್ಷಿಣದಲ್ಲಿರುವ ಟುಲೂಸ್ ನಗರದ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಹೊಸ ಬಗೆಯ ಪಾಠಗಳು ಶುರುವಾದವು. ಸೇರಲು ಬೇಕಾಗಿದ್ದ ಅರ್ಹತೆ ಒಂದೇ, ನಿವೃತ್ತಿಯ ವಯಸ್ಸು ದಾಟಿರಬೇಕು. ಹಳೆಯ ಅಂಕಪಟ್ಟಿ ಕೇಳುವವರಿರಲಿಲ್ಲ, ಪ್ರವೇಶ ಪರೀಕ್ಷೆ ಇರಲಿಲ್ಲ, ಕೊನೆಗೆ ಪದವಿಯೂ ಇರಲಿಲ್ಲ. ಸರಳವಾದ ಅರ್ಜಿಯೊಂದನ್ನು ತುಂಬಿ, ಅಲ್ಪ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ವಿದ್ಯಾರ್ಥಿ. ಮೊದಲ ಸಾರ್ವಜನಿಕ ಸಭೆಗೆ ಬಂದವರು ಸುಮಾರು ನಲವತ್ತು ಜನ. ನೋಂದಣಿ ತೆರೆದಾಗ ಆ ಸಂಖ್ಯೆ ನೂರರ ಹತ್ತಿರ ಹೋಯಿತು. ಈ ಏರ್ಪಾಡಿಗೆ ಇಟ್ಟ ಹೆಸರು ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’.

ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಇದೇ ಹೆಸರು ಕಡಲು ದಾಟಿ ಇಂಗ್ಲೆಂಡಿನ ಕೇಂಬ್ರಿಜ್ ತಲುಪಿತು. ಹೆಸರು ಬಂದರೂ ಒಳಗಿನ ತಿರುಳು ಅಲ್ಲಿ ಬೇರೆಯಾಯಿತು. ಟುಲೂಸಿನಲ್ಲಿ ಪ್ರಾಧ್ಯಾಪಕರು ಹೇಳಿದರು, ಹಿರಿಯರು ಕೇಳಿದರು. ಕೇಂಬ್ರಿಜ್‌ನಲ್ಲಿ ಕಲಿಸಿದವರೂ ಹಿರಿಯರೇ, ಕಲಿತವರೂ ಹಿರಿಯರೇ. ಇಂದು ಲೋಕದ ನಾನಾ ಕಡೆ ಇಳಿವಯಸ್ಸಿನವರಿಗಾಗಿ ನಡೆಯುತ್ತಿರುವ ತರಗತಿಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದರ ಮನೆತನಕ್ಕೆ ಸೇರಿದವು.

ಇಂಥ ಸಂಸ್ಥೆ ಹುಟ್ಟಬೇಕಾದರೆ ಮೊದಲು ನಿವೃತ್ತಿ ಎಂಬುದೊಂದು ಹುಟ್ಟಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೂಲಿಯವನಿಗೂ ಕುಶಲಕರ್ಮಿಗೂ ನಿವೃತ್ತಿ ಎಂಬ ಮಾತೇ ಇರಲಿಲ್ಲ. ಮೈಯಲ್ಲಿ ಕಸುವಿರುವ ತನಕ ದುಡಿಮೆ, ಕಸುವು ಹೋದ ಮೇಲೆ ಮಕ್ಕಳ ಆಸರೆ, ಅದೂ ಇಲ್ಲದವರಿಗೆ ಬಡವರ ಗಂಜಿಕೇಂದ್ರ. ಜರ್ಮನಿ 1889ರಲ್ಲಿ ಬಿಸ್ಮಾರ್ಕನ ಆಡಳಿತದಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ವಿಮೆಯ ಕಾನೂನು ಮಾಡಿತು. ಬ್ರಿಟನ್ ಅಂಥ ಕಾನೂನನ್ನು ತಂದದ್ದು 1908ರಲ್ಲಿ. ಮರುವರ್ಷದ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಷಿಲಿಂಗ್ ಪಿಂಚಣಿ ಕೈಗೆ ಬರತೊಡಗಿತು. ಎಪ್ಪತ್ತರವರೆಗೆ ಬದುಕುವವರೇ ವಿರಳವಾಗಿದ್ದ ಕಾಲ ಅದು. 1901ರಲ್ಲಿ ಬ್ರಿಟನ್ನಿನ ಜನರಲ್ಲಿ ಅರವತ್ತೈದು ದಾಟಿದವರು ನೂರಕ್ಕೆ ಐದರಷ್ಟು ಮಾತ್ರ. 1981ರ ಹೊತ್ತಿಗೆ ಅದು ಹದಿನೈದಾಯಿತು. ಶುಚಿಯಾದ ನೀರು, ಲಸಿಕೆ, ಔಷಧ, ಹೊಟ್ಟೆತುಂಬ ಊಟ, ಎಲ್ಲ ಸೇರಿ ಕೆಲಸ ಬಿಟ್ಟ ದಿನಕ್ಕೂ ಹಾಸಿಗೆ ಹಿಡಿವ ದಿನಕ್ಕೂ ನಡುವೆ ಹತ್ತು, ಹದಿನೈದು, ಕೆಲವರಿಗೆ ಇಪ್ಪತ್ತು ವರ್ಷಗಳ ಬಯಲನ್ನು ತೆರೆದವು. ಇಷ್ಟು ದೊಡ್ಡ ಜನಸಮುದಾಯಕ್ಕೆ ಇಷ್ಟು ಬಿಡುವು ಹಿಂದೆಂದೂ ಸಿಕ್ಕಿರಲಿಲ್ಲ.

ವಯಸ್ಕರ ಶಿಕ್ಷಣ ಅದಕ್ಕೂ ಮೊದಲೇ ಬೇರೂರಿತ್ತು. ಲಂಡನ್ನಿನಲ್ಲಿ 1823ರಲ್ಲಿ ಜಾರ್ಜ್ ಬರ್ಕ್‌ಬೆಕ್ ಮುಂದೆ ನಿಂತು ಕುಶಲಕರ್ಮಿಗಳಿಗಾಗಿ ಸಂಜೆಯ ವಿಜ್ಞಾನ ಪಾಠಗಳ ಸಂಸ್ಥೆ ಕಟ್ಟಿದ. ಡೆನ್ಮಾರ್ಕಿನಲ್ಲಿ ಪಾದ್ರಿ, ಕವಿ ಗ್ರುಂಟ್‌ವಿಗ್‌ನ ವಿಚಾರಗಳನ್ನು ಅನುಸರಿಸಿ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ರೈತರ ಮಕ್ಕಳು ಅಲ್ಲಿಯೇ ಉಳಿದು, ಪರೀಕ್ಷೆಯ ಹಂಗಿಲ್ಲದೆ ನಾಡಿನ ಚರಿತ್ರೆ, ಹಾಡು, ಬೇಸಾಯ ಕಲಿಯುತ್ತಿದ್ದರು. ಈ ಡ್ಯಾನಿಷ್ ಮಾದರಿಯ ಬೀಜವೇ ಒಂದು ಶತಮಾನದ ನಂತರ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯ ಕೈಯಲ್ಲಿ ನಂಜನಗೂಡಿನ ವಿದ್ಯಾಪೀಠವಾಗಿ ಮೊಳೆಯಿತು. ಇಂಗ್ಲೆಂಡಿನಲ್ಲಿ 1903ರಲ್ಲಿ ಕಾರ್ಮಿಕರ ಶಿಕ್ಷಣ ಸಂಘ ಬಂತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಎಲ್ಲವುಗಳ ಕಣ್ಣೂ ದುಡಿಯುವ ಪ್ರಾಯದವರ ಮೇಲಿತ್ತು. ಕಲಿತು ಇನ್ನೇನಾದರೂ ಆಗಬೇಕು ಎಂಬ ಗುರಿ ಅವುಗಳ ತಳದಲ್ಲಿತ್ತು. ಆಗಬೇಕಾದದ್ದೆಲ್ಲ ಆಗಿ ಮುಗಿದವರ ಕಲಿಕೆಯನ್ನು ಯಾರೂ ಪ್ರತ್ಯೇಕವಾಗಿ ಯೋಚಿಸಿರಲಿಲ್ಲ.

ಕೊನೆಗೆ ಯೋಚಿಸಿದವರಲ್ಲಿ ಮುಖ್ಯರಾದ ಪಿಯೆರ್ ವೆಲ್ಲಾಸ್ ಟುಲೂಸಿನಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕ. ವೃದ್ಧಾಶ್ರಮಗಳಿಗೆ ಹೋಗಿ ಅಲ್ಲಿನ ಮುದುಕರ ಸ್ಥಿತಿಯನ್ನು ಕಣ್ಣಾರೆ ಕಂಡದ್ದು ಅವರನ್ನು ಈ ದಾರಿಗೆ ತಿರುಗಿಸಿತು. ಕಾಲವೂ ಕೂಡಿಬಂದಿತ್ತು. 1968ರ ವಿದ್ಯಾರ್ಥಿ ದಂಗೆಯ ಬೆನ್ನಿಗೇ ಬಂದ ಫ್ರೆಂಚ್ ಉನ್ನತ ಶಿಕ್ಷಣ ಕಾನೂನು ವಿಶ್ವವಿದ್ಯಾಲಯಗಳಿಗೆ ಸ್ವಾಯತ್ತತೆ ಕೊಟ್ಟು, ಜೀವನಪರ್ಯಂತದ ಶಿಕ್ಷಣವೂ ಅವುಗಳ ಹೊಣೆ ಎಂದಿತ್ತು. 1971ರ ಇನ್ನೊಂದು ಕಾನೂನು ವಯಸ್ಕರ ನಿರಂತರ ತರಬೇತಿಗೆ ದಾರಿ ಮಾಡಿತು. ವಿಶ್ವವಿದ್ಯಾಲಯದ ಬಾಗಿಲು ತೆರೆಯಲು ಕಾನೂನಿನ ಬೀಗದ ಕೈ ಸಿಕ್ಕಿದಂತಾಯಿತು.

ವೆಲ್ಲಾಸ್ ಬರೀ ಉಪನ್ಯಾಸಗಳಿಗೆ ನಿಲ್ಲಲಿಲ್ಲ. ಇತಿಹಾಸ, ಕಲೆ, ಭಾಷೆಗಳ ಪಾಠದ ಜೊತೆಗೆ ವ್ಯಾಯಾಮ, ಪ್ರವಾಸ, ಆರೋಗ್ಯದ ತಿಳಿವಳಿಕೆ ಇದ್ದವು. ಮುಪ್ಪಿನ ಕುರಿತ ಸಂಶೋಧನೆ ಇನ್ನೊಂದು ಕಡೆ ನಡೆಯಬೇಕೆಂಬುದು ಅವರ ಯೋಜನೆ. ಬಂದು ಕೂತ ಹಿರಿಯರು ಕಲಿಯುವವರೂ ಹೌದು, ತಮ್ಮ ವಯೋಮಾನದ ಬಗ್ಗೆ ವೈದ್ಯರಿಗೆ, ಸಮಾಜವಿಜ್ಞಾನಿಗಳಿಗೆ ಕಲಿಸುವವರೂ ಹೌದು. ಇಳಿಜಾರು ಸಾಲುಗಳ ಉಪನ್ಯಾಸ ಸಭಾಂಗಣದಲ್ಲಿ ಇಪ್ಪತ್ತರ ಹುಡುಗರು ಎದ್ದು ಹೋದ ಬೆಂಚುಗಳ ಮೇಲೆ ಎಪ್ಪತ್ತರ ಅಜ್ಜಿಯರು ನೋಟ್‌ಬುಕ್ ತೆರೆದು ಕೂರುವುದು ಅಂದಿನ ಫ್ರಾನ್ಸಿಗೆ ಸಣ್ಣ ಸಂಗತಿಯಲ್ಲ. ಅವರಲ್ಲಿ ಅನೇಕರ ತರುಣಾವಸ್ಥೆಯನ್ನು ಎರಡು ಮಹಾಯುದ್ಧಗಳು ನುಂಗಿದ್ದವು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ಆ ತಲೆಮಾರಿನ ಬಹಳ ಹೆಂಗಸರಿಗೆ ಅದೇ ಮೊದಲು.

ಟುಲೂಸಿನ ಸುದ್ದಿ ಬೇಗ ಹಬ್ಬಿತು. ಫ್ರಾನ್ಸಿನ ಬೇರೆ ವಿಶ್ವವಿದ್ಯಾಲಯಗಳು, ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಇಟಲಿ, ಕೆನಡಾದ ಫ್ರೆಂಚ್ ಸೀಮೆ ಅದನ್ನು ಅನುಸರಿಸಿದವು. 1975ರಲ್ಲಿ ಇವುಗಳದೊಂದು ಅಂತರರಾಷ್ಟ್ರೀಯ ಒಕ್ಕೂಟವೂ ಆಯಿತು. ಅದೇ ವರ್ಷ ಪೋಲೆಂಡಿನ ವಾರ್ಸಾದಲ್ಲಿ ಹಲೀನಾ ಶ್ವಾರ್ಟ್ಸ್ ಎಂಬ ವೈದ್ಯೆ ಇಂಥದೇ ಸಂಸ್ಥೆ ತೆರೆದರು. ಕಮ್ಯುನಿಸ್ಟ್ ಆಡಳಿತದ ಪೂರ್ವ ಯುರೋಪಿನಲ್ಲಿ ಅದು ಮೊದಲನೆಯದು. ಈ ವೈದ್ಯೆಯ ಪೂರ್ವಚರಿತ್ರೆ ಸಾಮಾನ್ಯವಾದದ್ದಲ್ಲ. ನಾಜಿಗಳು ಪೋಲೆಂಡನ್ನು ಆಕ್ರಮಿಸಿದ್ದಾಗ ಹದಿಹರೆಯದಲ್ಲೇ ಭೂಗತ ಪ್ರತಿರೋಧದ ಬೇಹುಗಾರ್ತಿಯಾಗಿ ಜರ್ಮನಿಯೊಳಗೇ ಕೆಲಸ ಮಾಡಿ, ಸಿಕ್ಕಿಬಿದ್ದು, ಮರಣದಂಡನೆಯ ತೀರ್ಪಿಗೂ ಗುರಿಯಾಗಿ ಬದುಕುಳಿದವರು ಅವರು. ಯುದ್ಧ ಮುಗಿದ ಮೇಲೆ ವೈದ್ಯಶಾಸ್ತ್ರ ಓದಿ ಮುಪ್ಪಿನ ಕಾಯಿಲೆಗಳತ್ತ ತಿರುಗಿದರು. ಮನಸ್ಸು ಕೆಲಸ ಮಾಡುತ್ತಿದ್ದರೆ ದೇಹವೂ ನಿಧಾನವಾಗಿ ಮುದಿಯಾಗುತ್ತದೆ ಎಂಬುದು ಅವರ ವೈದ್ಯಕೀಯ ನಂಬಿಕೆ, ಅವರ ಸಂಸ್ಥೆಯ ಅಡಿಪಾಯವೂ ಅದೇ. ಇಂದು ಪೋಲೆಂಡಿನಲ್ಲಿ ಇಂಥ ಸಂಸ್ಥೆಗಳು ಐನೂರಕ್ಕೂ ಹೆಚ್ಚಿವೆ, ಸಣ್ಣ ಪಟ್ಟಣಗಳಲ್ಲೂ ಇವೆ.

ಇಂಗ್ಲೆಂಡಿನ ಕತೆಯಲ್ಲಿ ಮೂವರು ಬರುತ್ತಾರೆ. ಮೈಕೆಲ್ ಯಂಗ್ ಸಮಾಜಶಾಸ್ತ್ರಜ್ಞ. ಹೊಸ ಸಂಸ್ಥೆಗಳನ್ನು ಹುಟ್ಟುಹಾಕುವುದರಲ್ಲಿ ಅವರಿಗೆ ಸಾಟಿಯಾದವರು ಆ ಶತಮಾನದ ಬ್ರಿಟನ್ನಿನಲ್ಲಿ ಇನ್ನೊಬ್ಬರಿಲ್ಲ. ಬಳಕೆದಾರರ ಸಂಘವನ್ನು ಕಟ್ಟಿದವರು, 1963ರಲ್ಲಿ ಬ್ರಯನ್ ಜಾಕ್ಸನ್ ಜೊತೆಗೂಡಿ ಕೇಂಬ್ರಿಜ್‌ನಲ್ಲಿ ಅಂಚೆ ಶಿಕ್ಷಣದ ಕಾಲೇಜು ತೆರೆದವರು, ಮುಂದೆ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದ ವಿಚಾರವನ್ನು ಬಹಳ ಮೊದಲೇ ಮುಂದಿಟ್ಟವರು. ಎರಿಕ್ ಮಿಡ್‌ವಿಂಟರ್ ಸಮಾಜ ಚರಿತ್ರೆಯ ವಿದ್ವಾಂಸ, ಆಗ ಮುಪ್ಪಿನ ನೀತಿಗಳನ್ನು ಅಧ್ಯಯನ ಮಾಡುವ ಕೇಂದ್ರದ ನಿರ್ದೇಶಕ. ಮೂರನೆಯವರು ಪೀಟರ್ ಲಾಸ್ಲೆಟ್, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಇತಿಹಾಸಕಾರ.

ಲಾಸ್ಲೆಟ್ ಈ ವಿಷಯಕ್ಕೆ ಬಂದ ದಾರಿ ಗಮನಿಸತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯವರು ಜಪಾನಿ ಕಲಿಸಿ ಅವರನ್ನು ಬ್ಲೆಚ್ಲಿ ಪಾರ್ಕಿನ ಗುಪ್ತಸಂಕೇತ ಬಿಡಿಸುವ ಕೆಲಸಕ್ಕೆ ಹಾಕಿದ್ದರು. ಆಮೇಲೆ ತತ್ವಜ್ಞಾನಿ ಜಾನ್ ಲಾಕ್‌ನ ಗ್ರಂಥಸಂಪಾದನೆ. ಅಲ್ಲಿಂದ ಇಂಗ್ಲೆಂಡಿನ ಚರ್ಚುಗಳ ಹಳೆಯ ದಫ್ತರಗಳಿಗೆ ಇಳಿದರು. ಹುಟ್ಟು, ಮದುವೆ, ಸಾವುಗಳನ್ನು ಪಾದ್ರಿಗಳು ಬರೆದಿಟ್ಟ ಆ ಪುಸ್ತಕಗಳಿಂದ ಮೂರು ನಾಲ್ಕು ಶತಮಾನಗಳ ಹಿಂದಿನ ಹಳ್ಳಿಗಳಲ್ಲಿ ಒಂದೊಂದು ಮನೆಯಲ್ಲಿ ಎಷ್ಟು ಜನರಿದ್ದರು, ಎಷ್ಟು ವರ್ಷ ಬದುಕಿದರು ಎಂದು ಲೆಕ್ಕ ಹಾಕಿದರು. 1964ರಲ್ಲಿ ಟೋನಿ ರಿಗ್ಲಿ ಜೊತೆ ಇದಕ್ಕಾಗಿಯೇ ಸಂಶೋಧನ ತಂಡ ಕಟ್ಟಿದರು. 1965ರಲ್ಲಿ ಬಂದ ‘ನಾವು ಕಳೆದುಕೊಂಡ ಲೋಕ’ ಎಂಬ ಅರ್ಥದ ಹೆಸರಿನ ಅವರ ಪುಸ್ತಕ ಅವರಿಗೆ ಹೆಸರು ತಂದಿತು. ಹಿಂದಿನ ಕಾಲದಲ್ಲಿ ಮುದುಕರು ಎಷ್ಟು ಕಡಿಮೆಯಿದ್ದರು ಎಂಬುದನ್ನು ಎಣಿಸಿ ನೋಡಿದವರಿಗೆ ತಮ್ಮ ಕಾಲದಲ್ಲಿ ಅವರು ಎಷ್ಟು ಹೆಚ್ಚಾಗಿದ್ದಾರೆ ಎಂಬುದು ಢಾಳಾಗಿ ಕಂಡಿತು. ಚರಿತ್ರೆಯಲ್ಲಿ ಎಂದೂ ಇರದಿದ್ದ ವರ್ಗವೊಂದು ಎದ್ದು ನಿಂತಿದೆ. ಅದಕ್ಕೆ ಸಮಾಜದ ಹತ್ತಿರ ಒಂದು ಹೆಸರಿಲ್ಲ, ಒಂದು ಕೆಲಸವಿಲ್ಲ, ಶಿಕ್ಷಣದ ಬಜೆಟ್ಟಿನಲ್ಲಿ ಒಂದು ಪಾಲಿಲ್ಲ, ಇದು ಅವರ ತಕರಾರು.

1981ರಲ್ಲಿ ಮೂವರೂ ಕೂಡಿದರು. ಬೇಸಿಗೆಯಲ್ಲಿ ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಸಭೆ ನಡೆಯಿತು. ಅದೇ ವರ್ಷ ಮಿಡ್‌ವಿಂಟರ್ ಬಿಬಿಸಿ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಈ ವಿಚಾರ ಹೇಳಿದ ಮೇಲೆ ಸುಮಾರು ನಾನೂರು ಕಾಗದಗಳು ಬಂದವು. ನಾನೂರು ಎಂದರೆ ದೊಡ್ಡ ಸಂಖ್ಯೆಯಲ್ಲ ಅನ್ನಿಸಬಹುದು. ಆದರೆ ಮಧ್ಯಾಹ್ನದ ರೇಡಿಯೊ ಕೇಳಿ, ಕಾಗದ ಹುಡುಕಿ, ಬರೆದು, ಅಂಚೆಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಬಂದವರು ಅವರೆಲ್ಲ. ಚಳವಳಿಯ ಮೊದಲ ಸದಸ್ಯರ ಪಟ್ಟಿ ಆ ಲಕೋಟೆಗಳಲ್ಲೇ ಇತ್ತು. ನಫೀಲ್ಡ್ ಪ್ರತಿಷ್ಠಾನ ಸಣ್ಣ ಮೊತ್ತದ ನೆರವು ಕೊಟ್ಟಿತು. 1982ರಲ್ಲಿ ಕೇಂಬ್ರಿಜ್‌ನ ಸಂಸ್ಥೆ ಕೆಲಸ ಶುರುಮಾಡಿತು, 1983ರಲ್ಲಿ ಎಲ್ಲ ಊರುಗಳ ಇಂಥ ಸಂಸ್ಥೆಗಳನ್ನು ಹೆಣೆಯುವ ‘ಥರ್ಡ್ ಏಜ್ ಟ್ರಸ್ಟ್’ ನೋಂದಣಿಯಾಯಿತು.

ಫ್ರೆಂಚ್ ಮಾದರಿಯನ್ನು ಹಾಗೇ ಎತ್ತಿ ತರಲು ಇಂಗ್ಲೆಂಡಿನಲ್ಲಿ ಆಗುತ್ತಿರಲಿಲ್ಲ. ಮಾರ್ಗರೆಟ್ ಥ್ಯಾಚರ್ ಸರ್ಕಾರ ವಿಶ್ವವಿದ್ಯಾಲಯಗಳ ಅನುದಾನವನ್ನೇ ಕಡಿತ ಮಾಡುತ್ತಿದ್ದ ವರ್ಷಗಳು ಅವು; ಮುದುಕರಿಗೆಂದು ಹಣ ಬಿಚ್ಚುವವರು ಯಾರು? ಇದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಈ ಮೂವರಿಗೂ ಪರಸ್ಪರ ಸಹಾಯದ ಹಳೆಯ ಬ್ರಿಟಿಷ್ ಪರಂಪರೆಯ ಮೇಲೆ ವಿಶ್ವಾಸವಿತ್ತು. ಗ್ರುಂಟ್‌ವಿಗ್‌ನ ಶಾಲೆ ತೆರೆದ 1844ರಲ್ಲೇ ಲ್ಯಾಂಕಶೈರಿನ ರೋಚ್‌ಡೇಲ್ ಊರಿನ ನೇಕಾರರು ಮತ್ತಿತರ ಕೆಲಸಗಾರರು ಪುಡಿಗಾಸು ಕೂಡಿಸಿ ಸಹಕಾರಿ ಅಂಗಡಿ ತೆರೆದಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆಗೆ ಸಲ್ಲುವ ಸೂತ್ರ ವಿದ್ಯೆಗೇಕೆ ಸಲ್ಲಬಾರದು ಎಂಬುದೇ ಕೇಂಬ್ರಿಜ್ ಮಾದರಿಯ ಜೀವಾಳ. ನಲವತ್ತು ವರ್ಷ ಸೇತುವೆ ಕಟ್ಟಿದವರು, ಹೆರಿಗೆ ಮಾಡಿಸಿದವರು, ಲೆಕ್ಕ ಬರೆದವರು, ಪಾಠ ಹೇಳಿದವರು ಒಂದೇ ಊರಿನಲ್ಲಿ ಬಿಡುವಾಗಿ ಕೂತಿರುವಾಗ ಹೊರಗಿನಿಂದ ಮೇಷ್ಟರನ್ನು ಕರೆಸಿ ಸಂಬಳ ಕೊಡಬೇಕಾಗಿಲ್ಲ. ಲಾಸ್ಲೆಟ್ ಬರೆದಿಟ್ಟ ತತ್ವಗಳು ಹೇಳುವುದು ಇದನ್ನೇ: ಕಲಿಸುವವರು ಕಲಿಯಬೇಕು, ಕಲಿಯುವವರು ಕಲಿಸಬೇಕು, ಸಂಬಳವಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ವಿಶ್ವವಿದ್ಯಾಲಯ ಎಂಬ ಹೆಸರಿಗೆ ಇವರಿಗೆ ಹಕ್ಕೇನು ಎಂದು ಕೇಳಿದವರಿಗೆ ಅವರಲ್ಲಿ ಉತ್ತರವಿತ್ತು. ಮಧ್ಯಯುಗದಲ್ಲಿ ‘ಯೂನಿವರ್ಸಿಟಿ’ಯ ಮೂಲವಾದ ಲ್ಯಾಟಿನ್ ಪದಕ್ಕೆ ಒಂದು ಗುರಿಗಾಗಿ ಒಂದಾದ ಜನರ ಕೂಟ ಎಂದೇ ಅರ್ಥ, ಕಟ್ಟಡವೂ ಪದವಿಪತ್ರವೂ ಆಮೇಲೆ ಬಂದವು.

ಕೆಲಸ ನಡೆಯುವ ರೀತಿ ಹೀಗಿದೆ. ಒಂದು ಊರಿನ ಸಂಸ್ಥೆಗೆ ಸದಸ್ಯರು ವರ್ಷಕ್ಕೊಮ್ಮೆ ಸಣ್ಣ ಚಂದಾ ಕಟ್ಟುತ್ತಾರೆ. ತಿಂಗಳಿಗೊಮ್ಮೆ ಚರ್ಚಿನ ಸಭಾಂಗಣದಲ್ಲೋ ಸಮುದಾಯ ಭವನದಲ್ಲೋ ಎಲ್ಲರ ಸಭೆ, ಒಂದು ಉಪನ್ಯಾಸ. ನಿಜವಾದ ಜೀವ ಇರುವುದು ಸಣ್ಣ ಆಸಕ್ತಿ ಗುಂಪುಗಳಲ್ಲಿ. ಯಾರಿಗೋ ಇಟಾಲಿಯನ್ ಭಾಷೆ ಬರುತ್ತದೆ, ಇನ್ಯಾರಿಗೋ ಊರ ಸುತ್ತಲಿನ ಕಲ್ಲುಮಣ್ಣಿನ ಚರಿತ್ರೆ ಗೊತ್ತು. ಅವರು ಹೆಸರು ಕೊಟ್ಟರೆ ಗುಂಪಾಯಿತು. ಬಹಳ ಗುಂಪುಗಳು ಸೇರುವುದು ಸದಸ್ಯರ ಮನೆಯ ನಡುಮನೆಯಲ್ಲಿ. ಒಳಗಿನ ಕುರ್ಚಿಗಳು ಸಾಲದೆ ಅಡುಗೆಮನೆಯ ಸ್ಟೂಲೂ ಹೊರಗೆ ಬರುತ್ತದೆ. ಎಂಟು ಹತ್ತು ಜನ ಮಂಡಿಯ ಮೇಲೆ ಪುಸ್ತಕ ತೆರೆದಿಟ್ಟು ಸರದಿಯಂತೆ ಒಂದೊಂದು ಪುಟ ಓದುತ್ತಾರೆ. ಕಿವಿ ಮಂದವಾದವರಿಗೆ ಓದುವವರ ಪಕ್ಕದ ಜಾಗ. ಅರ್ಧ ಆದ ಮೇಲೆ ಚಹಾ, ಬಿಸ್ಕತ್ತು. ಹಾಲು ಸಕ್ಕರೆಯ ಖರ್ಚಿಗೆಂದು ತಟ್ಟೆಯೊಂದರಲ್ಲಿ ಚಿಲ್ಲರೆ ಬೀಳುತ್ತದೆ. ಈ ವಾರ ಇತಿಹಾಸ ಹೇಳಿದವರು ಮುಂದಿನ ವಾರ ಇನ್ನೊಬ್ಬರ ಮನೆಯಲ್ಲಿ ಜಲವರ್ಣದ ಕುಂಚ ಹಿಡಿಯಲು ಕಲಿಯುವ ವಿದ್ಯಾರ್ಥಿ. ವಾಕಿಂಗ್, ತೋಟಗಾರಿಕೆ, ಗಣಿತ, ಯುಕುಲೇಲೆ, ಷೇಕ್ಸ್‌ಪಿಯರ್, ಕಂಪ್ಯೂಟರ್, ಯಾವುದಕ್ಕೂ ಅಡ್ಡಿಯಿಲ್ಲ, ಮೇಲು ಕೀಳೂ ಇಲ್ಲ.

ಸಂಗಾತಿಯನ್ನು ಕಳೆದುಕೊಂಡು ಒಂಟಿಯಾದವರಿಗೆ ವಾರಕ್ಕೊಮ್ಮೆಯ ಆ ಎರಡು ಗಂಟೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಈ ಸಂಸ್ಥೆಗಳ ಬಗ್ಗೆ ಬರೆದವರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಕಲಿಕೆಯೇ ಮುಖ್ಯವೋ ಸಂಗವೇ ಮುಖ್ಯವೋ ಎಂಬ ಚರ್ಚೆ ಚಳವಳಿಯೊಳಗೆ ಮೊದಲಿನಿಂದಲೂ ಇದೆ. ಲಾಸ್ಲೆಟ್‌ಗೆ ಕಲಿಕೆ ಗಂಭೀರವಾಗಿರಬೇಕಿತ್ತು, ಹಿರಿಯರು ಸಂಶೋಧನೆಯನ್ನೂ ಮಾಡಬೇಕೆಂಬುದು ಅವರ ಆಸೆ. ಬಂದವರಲ್ಲಿ ಹೆಚ್ಚಿನವರಿಗೆ ಎರಡೂ ಬೇಕಿತ್ತು. ಎರಡನ್ನೂ ಒಂದೇ ಕೋಣೆಯಲ್ಲಿ ಕೊಟ್ಟದ್ದರಿಂದಲೇ ಈ ಮಾದರಿ ಬಾಳಿತು.

ಲಾಸ್ಲೆಟ್ ತಮ್ಮ ವಿಚಾರಗಳಿಗೆ ಪೂರ್ಣರೂಪ ಕೊಟ್ಟದ್ದು 1989ರ ‘ಬಾಳಿನ ಹೊಸ ನಕಾಶೆ’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ. ಬಾಳನ್ನು ಅವರು ನಾಲ್ಕು ವಯಸ್ಸುಗಳಾಗಿ ಹಂಚಿದರು. ಮೊದಲನೆಯದು ಪರಾಧೀನತೆ ಮತ್ತು ಓದಿನ ಕಾಲ, ಎರಡನೆಯದು ದುಡಿಮೆ ಮತ್ತು ಸಂಸಾರದ ಹೊಣೆಯ ಕಾಲ, ಮೂರನೆಯದು ತನಗೆ ಬೇಕಾದುದನ್ನು ಸಾಧಿಸಿಕೊಳ್ಳುವ ಕಾಲ, ನಾಲ್ಕನೆಯದು ಮತ್ತೆ ಪರಾಧೀನತೆ ಮತ್ತು ಕೊನೆ. ಇವು ಹುಟ್ಟುಹಬ್ಬಗಳ ಲೆಕ್ಕವಲ್ಲ. ಐವತ್ತಕ್ಕೇ ಕೆಲವರು ಮೂರನೆಯದಕ್ಕೆ ಕಾಲಿಡಬಹುದು, ಎಂಬತ್ತರಲ್ಲೂ ಅಲ್ಲೇ ಇರಬಹುದು. ಕನ್ನಡದ ಓದುಗರಿಗೆ ನಾಲ್ಕು ಆಶ್ರಮಗಳ ನೆನಪಾಗುವುದು ಸಹಜ. ಆದರೆ ಹೋಲಿಕೆ ಸಂಖ್ಯೆಯ ಮಟ್ಟಕ್ಕೇ ನಿಲ್ಲುತ್ತದೆ. ವಾನಪ್ರಸ್ಥ ಊರು ಬಿಟ್ಟು ಕಾಡಿನ ಕಡೆಗೆ ನಡೆಯುವ ಹಂತ, ಕೈಯಲ್ಲಿದ್ದುದನ್ನು ಬಿಡುವ ಹಂತ. ಮೂರನೆಯ ವಯಸ್ಸು ಊರೊಳಗೇ ಉಳಿದು ಹೊಸದನ್ನು ಕೈಗೆತ್ತಿಕೊಳ್ಳುವ ಹಂತ. ಆಶ್ರಮಧರ್ಮ ಶಾಸ್ತ್ರ ಒಪ್ಪಿದ ಕೆಲವೇ ಗಂಡಸರಿಗೆ ಮೀಸಲಾಗಿತ್ತು. ಈ ತರಗತಿಗಳನ್ನು ತುಂಬಿದವರು ಹೆಚ್ಚಾಗಿ ಹೆಂಗಸರು.

ಈ ನಕಾಶೆಗೆ ಆಕ್ಷೇಪಗಳೂ ಬಂದವು, ಅವು ನ್ಯಾಯವಾದವೇ. ಮೂರನೆಯ ವಯಸ್ಸನ್ನು ಬೆಳಗಿಸಲು ಹೋಗಿ ನಾಲ್ಕನೆಯದನ್ನು ಕತ್ತಲೆಗೆ ತಳ್ಳಿದಂತಾಯಿತು ಎಂದರು ಕೆಲವರು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು ಈ ಚಿತ್ರದ ಹೊರಗೇ ಉಳಿದರು. ಬ್ರಿಟನ್ನಿನ ಗುಂಪುಗಳಲ್ಲಿ ಸೇರಿದವರಲ್ಲಿ ಮಧ್ಯಮ ವರ್ಗದವರು, ಮೊದಲೇ ಓದಿಕೊಂಡವರು, ನಿವೃತ್ತ ಶಿಕ್ಷಕಿಯರು ಎದ್ದು ಕಾಣುತ್ತಾರೆ. ಕಾರ್ಖಾನೆಯಲ್ಲಿ ದುಡಿದು ಸೊಂಟ ಮುರಿದವರು, ವಲಸೆ ಬಂದ ಸಮುದಾಯಗಳ ಹಿರಿಯರು ಕಡಿಮೆ. ರೋಚ್‌ಡೇಲಿನ ನೇಕಾರರ ಸೂತ್ರ ಹಿಡಿದು ಹೊರಟ ಚಳವಳಿಗೆ ನೇಕಾರರ ಮೊಮ್ಮಕ್ಕಳೇ ಸಾಕಷ್ಟು ಬರಲಿಲ್ಲ ಎಂಬುದು ಅದರ ದೊಡ್ಡ ಕೊರತೆ.

ಅಮೆರಿಕ ತನ್ನದೇ ದಾರಿ ಹಿಡಿದಿತ್ತು, ಅದೂ ಟುಲೂಸಿಗಿಂತ ಮೊದಲೇ. ನ್ಯೂಯಾರ್ಕಿನ ನಿವೃತ್ತ ಶಾಲಾ ಶಿಕ್ಷಕರ ಗುಂಪೊಂದು 1962ರಲ್ಲಿ ‘ನ್ಯೂ ಸ್ಕೂಲ್’ ಎಂಬ ಉನ್ನತ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ತಾವೇ ಪಾಠ ರೂಪಿಸಿ ತಾವೇ ಕಲಿಯುವ ಸಂಸ್ಥೆ ಕಟ್ಟಿತು. ಕೇಂಬ್ರಿಜ್‌ನ ವಿಚಾರ ಅಲ್ಲಿ ಇಪ್ಪತ್ತು ವರ್ಷ ಮೊದಲೇ ಕಣ್ಣುಬಿಟ್ಟಿತ್ತು ಎನ್ನಬೇಕು. 1975ರ ಬೇಸಿಗೆಯಲ್ಲಿ ನ್ಯೂಹ್ಯಾಂಪ್‌ಶೈರಿನ ಐದು ಕಾಲೇಜುಗಳು ರಜೆಯಲ್ಲಿ ಖಾಲಿಬಿದ್ದ ತಮ್ಮ ಹಾಸ್ಟೆಲುಗಳನ್ನು ಹಿರಿಯರಿಗೆ ತೆರೆದವು. ಮಾರ್ಟಿ ನೋಲ್ಟನ್ ಮತ್ತು ಡೇವಿಡ್ ಬಿಯಾಂಕೊ ಯೋಜಿಸಿದ ಆ ‘ಎಲ್ಡರ್‌ಹಾಸ್ಟೆಲ್’ಗೆ ಮೊದಲ ವರ್ಷ ಬಂದವರು 220 ಜನ. 2001ರಿಂದ ಬರ್ನಾರ್ಡ್ ಓಷರ್ ಪ್ರತಿಷ್ಠಾನದ ದತ್ತಿ ಹಣ ಅಮೆರಿಕದ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿ ಐವತ್ತು ದಾಟಿದವರ ಕಲಿಕಾ ಕೇಂದ್ರಗಳನ್ನು ನೆಲೆಗೊಳಿಸಿತು.

ಏಷ್ಯಾದಲ್ಲಿ ಜಪಾನ್ ಮುಂದಿತ್ತು. ಹ್ಯೋಗೊ ಪ್ರಾಂತದ ಕಾಕೊಗಾವಾದಲ್ಲಿ 1969ರಲ್ಲೇ ಹಿರಿಯರ ಕಾಲೇಜು ತೆರೆದಿತ್ತು. ಚೀನಾದ ಮೊದಲ ಹಿರಿಯರ ವಿಶ್ವವಿದ್ಯಾಲಯ 1983ರಲ್ಲಿ ಶಾನ್‌ಡಾಂಗ್ ಪ್ರಾಂತದ ಜಿನಾನ್ ನಗರದಲ್ಲಿ ಆಯಿತು. ಆ ಹೊತ್ತಿಗೆ ಚೀನಾದಲ್ಲಿ ಹಳೆಯ ಕಾರ್ಯಕರ್ತರನ್ನು, ಅಧಿಕಾರಿಗಳನ್ನು ನಿವೃತ್ತಿ ಮಾಡಿಸುವ ನೀತಿ ಜಾರಿಗೆ ಬಂದಿತ್ತು. ಅಧಿಕಾರ ಬಿಟ್ಟವರಿಗೆ ಗೌರವದ ನೆಲೆಯೊಂದು ಬೇಕಿತ್ತು. ಸರ್ಕಾರವೇ ನಡೆಸುವ ಅಲ್ಲಿನ ತರಗತಿಗಳಲ್ಲಿ ಕುಂಚಲಿಪಿ, ಚಿತ್ರಕಲೆ, ಹಾಡು, ಆರೋಗ್ಯಪಾಲನೆಗೆ ಮೊದಲ ಜಾಗ. ಬ್ರಿಟಿಷ್ ಮಾದರಿ 1984ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ಮುಟ್ಟಿತು, ಅಲ್ಲಿಂದ ನ್ಯೂಜಿಲೆಂಡಿಗೂ ಹೋಯಿತು. ಮನೆಯಿಂದ ಹೊರಬರಲಾಗದವರಿಗೆಂದು ಅಂತರಜಾಲದ ಮೂಲಕ ಪಾಠ ಕೊಡುವ ಪ್ರಯತ್ನವನ್ನು 1990ರ ದಶಕದ ಕೊನೆಗೇ ಮಾಡಿದವರು ಆಸ್ಟ್ರೇಲಿಯದವರು. ನಾಲ್ಕನೆಯ ವಯಸ್ಸಿನ ಬಾಗಿಲನ್ನು ಒಂದಿಷ್ಟಾದರೂ ತಟ್ಟಿದ ಕೆಲಸ ಅದು.

ಹುಟ್ಟಿದ ನೆಲದಲ್ಲಿ ಹೆಸರು ಹೆಚ್ಚು ಕಾಲ ಉಳಿಯಲಿಲ್ಲ. ಮುಪ್ಪನ್ನು ಎತ್ತಿ ತೋರಿಸುವ ಫಲಕದ ಕೆಳಗೆ ನಡೆದು ಹೋಗಲು ಫ್ರಾನ್ಸಿನ ಹಿರಿಯರಿಗೆ ಮನಸ್ಸಾಗಲಿಲ್ಲ. ಅಲ್ಲಿನ ಅನೇಕ ಸಂಸ್ಥೆಗಳು ‘ಬಿಡುವಿನ ಕಾಲದ ವಿಶ್ವವಿದ್ಯಾಲಯ’, ‘ಎಲ್ಲ ವಯಸ್ಸಿನವರ ವಿಶ್ವವಿದ್ಯಾಲಯ’ ಎಂಬ ಅರ್ಥದ ಹೆಸರುಗಳಿಗೆ ಬದಲಾದವು, ಕಿರಿಯರನ್ನೂ ಸೇರಿಸಿಕೊಂಡವು. ಬ್ರಿಟನ್ನಿನಲ್ಲಿ ಅಡ್ಡಿಯಾದದ್ದು ವಿಶ್ವವಿದ್ಯಾಲಯ ಎಂಬ ಪದ. ಹೆಚ್ಚು ಓದದವರು ಆ ಮಾತಿಗೇ ಹಿಂಜರಿಯುತ್ತಿದ್ದರು. 2020ರ ಸುಮಾರಿಗೆ ಅಲ್ಲಿನ ಚಳವಳಿ ಪೂರ್ಣ ಹೆಸರನ್ನು ಹಿಂದಕ್ಕಿಟ್ಟು, ಅದರ ಇಂಗ್ಲಿಷ್ ರೂಪದ ಸಂಕ್ಷೇಪವಾದ ‘ಯು3ಎ’ ಎಂಬುದನ್ನೇ ತನ್ನ ಗುರುತಾಗಿ ಮುಂದಿಟ್ಟಿತು.

2020ರಲ್ಲೇ ಕೊರೊನಾ ಬಂದು ನಡುಮನೆಯ ತರಗತಿಗಳು ಒಮ್ಮೆಲೇ ನಿಂತವು. ಸೋಂಕು ಹೆಚ್ಚು ಕಾಡಿದ್ದೇ ಈ ವಯಸ್ಸಿನವರನ್ನು. ಕೆಲವು ಗುಂಪುಗಳು ಜೂಮ್ ಪರದೆಗೆ ಹೋದವು. ಪರದೆ ಬಳಸಲು ಗೊತ್ತಿಲ್ಲದವರಿಗೆ ಗೊತ್ತಿದ್ದ ಸದಸ್ಯರೇ ಫೋನಿನಲ್ಲಿ ಒಂದೊಂದೇ ಗುಂಡಿ ಹೇಳಿ ಕಲಿಸಿದರು. ಸದಸ್ಯರ ಸಂಖ್ಯೆ ಇಳಿದು ಮತ್ತೆ ಚೇತರಿಸಿಕೊಂಡಿತು. ಬ್ರಿಟನ್ನಿನಲ್ಲಿ ಇಂದು ಇಂಥ ಸಂಸ್ಥೆಗಳು ಸಾವಿರದಷ್ಟಿವೆ, ಸದಸ್ಯರು ಲಕ್ಷಗಳಲ್ಲಿದ್ದಾರೆ. ಲಾಸ್ಲೆಟ್ 2001ರಲ್ಲಿ, ಯಂಗ್ ಅದರ ಮರುವರ್ಷ ತೀರಿಕೊಂಡರು. ಅವರು ಹಾಕಿಕೊಟ್ಟ ನಿಯಮ ಮಾತ್ರ ಬದಲಾಗಿಲ್ಲ: ಕಲಿಸಿದ್ದಕ್ಕಾಗಿ ಯಾವ ಸದಸ್ಯರಿಗೂ ಇಂದಿಗೂ ಸಂಬಳವಿಲ್ಲ, ಕಲಿತದ್ದಕ್ಕಾಗಿ ಯಾರಿಗೂ ಪದವಿಪತ್ರವಿಲ್ಲ.